ಉದ್ದ ಕಾರಿನ ಹಿಂದಿನ ಶಾಕ್ ಅಬ್ಸಾರ್ಬರ್

ನನ್ನ ಗಂಡನ ಬೆನ್ನು ಕೈಕೊಟ್ಟ ವರ್ಷವೇ ನಾನು ನಿಜವಾಗಿ ಕಾರು ಓಡಿಸಲು ಕಲಿತದ್ದು. ಎರಡು ಸಾವಿರದ ಇಸವಿ ಕಳೆದು ನಾಲ್ಕೈದು ವರ್ಷವಾಗಿತ್ತು. ನಾನು ನಂಜನಗೂಡಿನ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಅವರು ಊರಾಚೆಯ ಕೈಗಾರಿಕಾ ಪ್ರದೇಶದಲ್ಲಿ ಒಂದು ಕಾರ್ಖಾನೆಯಲ್ಲಿ ಲೋಹ ಕಡೆಯುವ ಲೇತ್ ಮೆಷಿನ್ನಿನ ಮುಂದೆ ಹದಿನೆಂಟು ವರ್ಷದಿಂದ ನಿಂತಿದ್ದರು. ಒಂದು ದಿನ ಕಬ್ಬಿಣದ ಭಾರವಾದ ತುಂಡೊಂದನ್ನು ಇನ್ನೊಬ್ಬರ ಜೊತೆ ಎತ್ತುವಾಗ ಆ ಇನ್ನೊಬ್ಬರ ಕೈ ಜಾರಿತು. ಪೂರ್ತಿ ಭಾರ ಇವರ ಮೇಲೆ ಬಿತ್ತು. ಅಲ್ಲೇ ಕುಸಿದವರನ್ನು ಹಲಗೆಯ ಮೇಲೆ ಮಲಗಿಸಿಕೊಂಡು ಮನೆಗೆ ತಂದರು.

ಮೈಸೂರಿನ ಡಾಕ್ಟರು ಆಪರೇಷನ್ ಬೇಡ ಎಂದರು. ಸೊಂಟದ ಮಣಿಗಳ ನಡುವಿನ ಡಿಸ್ಕ್ ಒಂದು ಪಕ್ಕಕ್ಕೆ ಸರಿದು ನರವನ್ನು ಒತ್ತುತ್ತಿದೆ, ಒಂದು ತಿಂಗಳು ಅಲುಗಾಡದೆ ಮಲಗಲಿ, ಆಮೇಲೆ ವಾರಕ್ಕೆ ಎರಡು ದಿನದಂತೆ ಆರು ತಿಂಗಳು ಫಿಸಿಯೋಥೆರಪಿ ಮಾಡಿಸಿ ಎಂದರು. ದೊಡ್ಡ ಆಸ್ಪತ್ರೆಯಲ್ಲಿ ಕೆಲಸ ಮಾಡಿ ಬಂದ ಒಬ್ಬ ಹೆಂಗಸು ತಮ್ಮ ಸ್ವಂತ ಊರಾದ ನರಸೀಪುರದಲ್ಲಿ ಚಿಕಿತ್ಸೆ ಕೊಡುತ್ತಾರೆ, ಕೈಗುಣ ಚೆನ್ನಾಗಿದೆ ಎಂದು ಡಾಕ್ಟರೇ ಹೇಳಿದರು. ಹಾಗಾಗಿ ಬುಧವಾರ ಸಂಜೆ, ಶನಿವಾರ ಮಧ್ಯಾಹ್ನ ನರಸೀಪುರಕ್ಕೆ ಹೋಗಿಬರುವುದು ಎಂದು ಗೊತ್ತಾಯಿತು.

ಹೋಗುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ನಮ್ಮ ಮನೆಯ ಮುಂದೆಯೇ ನಿಂತಿತ್ತು. ಅದನ್ನು ನಮ್ಮ ಬೀದಿಯವರು ಉದ್ದ ಕಾರು ಎಂದು ಕರೆಯುತ್ತಿದ್ದರು. ಮುಂದಿನಿಂದ ನೋಡಿದರೆ ಎಲ್ಲ ಕಾರುಗಳ ಹಾಗೆಯೇ ಇತ್ತು. ಆದರೆ ಹಿಂದೆ ಡಿಕ್ಕಿಯ ಕಡೆ ಇಳಿಯಬೇಕಾದ ಚಾವಣಿ ಇಳಿಯದೆ ನೇರವಾಗಿ ಕೊನೆಯವರೆಗೂ ಹೋಗಿ, ಅಲ್ಲಿ ಮೇಲಕ್ಕೆ ಎತ್ತುವ ದೊಡ್ಡ ಬಾಗಿಲು ಇತ್ತು. ಸ್ಟೇಷನ್ ವ್ಯಾಗನ್ ಎನ್ನುತ್ತಾರೆ. ತೊಂಬತ್ತರ ದಶಕದ ಕೊನೆಯಲ್ಲಿ ಹೊರದೇಶದ ಒಂದು ಕಂಪನಿ ಅದನ್ನು ಇಲ್ಲಿ ಕೆಲವು ವರ್ಷ ಮಾರಿ ನಿಲ್ಲಿಸಿತ್ತು. ಕಾರ್ಖಾನೆಯ ಒಬ್ಬ ಆಫೀಸರು ವರ್ಗವಾಗಿ ಹೋಗುವಾಗ ನನ್ನ ಗಂಡ ಅದನ್ನು ಕೊಂಡುಕೊಂಡರು. ಉದ್ದ ಎಂದಾಗಲೀ ಜಾಗ ಇದೆ ಎಂದಾಗಲೀ ಅಲ್ಲ. ಅದರ ಎಂಜಿನ್ನಿಗಾಗಿ. ಆ ಕಾಲಕ್ಕೆ ನಮ್ಮ ಕಡೆ ರಸ್ತೆಯಲ್ಲಿ ಅದಕ್ಕಿಂತ ಜೋರಾಗಿ ಓಡುವ ಕಾರು ಹೆಚ್ಚಿರಲಿಲ್ಲ. ಭಾನುವಾರ ಬೆಳಗ್ಗೆ ಮೈಸೂರು ರಸ್ತೆಯಲ್ಲಿ ಅವರು ಆಕ್ಸಿಲರೇಟರ್ ಒತ್ತಿದರೆ ನನ್ನ ಬೆನ್ನು ಸೀಟಿಗೆ ಅಂಟಿಕೊಳ್ಳುತ್ತಿತ್ತು. ನಾನು ಬಾಗಿಲ ಮೇಲಿನ ಹಿಡಿಯನ್ನು ಹಿಡಿದುಕೊಂಡು ಸುಮ್ಮನೆ ಕೂರುತ್ತಿದ್ದೆ. ಡ್ರೈವಿಂಗ್ ಸ್ಕೂಲಿಗೆ ಹೋಗಿ ಲೈಸೆನ್ಸ್ ಮಾಡಿಸಿದ್ದೆನಾದರೂ ಈ ಕಾರಿನ ಸ್ಟಿಯರಿಂಗನ್ನು ಅವರು ನನ್ನ ಕೈಗೆ ಕೊಟ್ಟಿರಲಿಲ್ಲ. ನಾನೂ ಕೇಳಿರಲಿಲ್ಲ.

ಹಿಂದಿನ ಸೀಟನ್ನು ಮಡಿಸಿದರೆ ಒಳಗೆ ಒಂದು ಆಳು ಮಲಗುವಷ್ಟು ಜಾಗವಾಗುತ್ತಿತ್ತು. ಹತ್ತಿಯ ಹಾಸಿಗೆ ಹಾಸಿ, ಇವರ ತಲೆ ನನ್ನ ಸೀಟಿನ ಹಿಂದೆ, ಕಾಲು ಹಿಂಬಾಗಿಲ ಕಡೆ ಬರುವಂತೆ ಮಲಗಿಸಿದೆವು. ಮೊದಲ ಬುಧವಾರ ನಮ್ಮ ಬೀದಿ ದಾಟುವುದರೊಳಗೆ ಕಾರು ಮೂರು ಸಲ ನಿಂತುಹೋಯಿತು. ಅವರಿಗೆ ರಸ್ತೆ ಕಾಣುತ್ತಿರಲಿಲ್ಲ, ಕಿಟಕಿಯಲ್ಲಿ ಮರದ ತುದಿ, ಕರೆಂಟ್ ತಂತಿ ಮಾತ್ರ ಕಾಣುತ್ತಿತ್ತು. ಎಂಜಿನ್ನಿನ ಸದ್ದು ಕೇಳಿಯೇ ಗೇರ್ ಬದಲಾಯಿಸು, ಕ್ಲಚ್ ಮೇಲಿಂದ ಕಾಲು ತೆಗಿ ಎಂದು ಹೇಳುತ್ತಾ ಬಂದರು. ಹಾಗೆ ಹೇಳಿಸಿಕೊಂಡೇ ನಾನು ಮೊದಲ ದಿನ ನರಸೀಪುರ ಮುಟ್ಟಿದೆ.

ಕಷ್ಟವಾದದ್ದು ಓಡಿಸುವುದಲ್ಲ, ಕಾರಿನ ಹಿಂಭಾಗ. ಗುಂಡಿಗೆ ಇಳಿದರೆ, ಹಂಪ್ ಹತ್ತಿದರೆ, ಮುಂದಿನ ಚಕ್ರ ಒಂದು ಸಲ ಕುಲುಕಿ ಸುಮ್ಮನಾಗುತ್ತಿತ್ತು. ಹಿಂದಿನದು ಹಾಗಲ್ಲ. ಎದ್ದು ಬಿದ್ದು, ಮತ್ತೆ ಎದ್ದು, ನಾಲ್ಕೈದು ಸಲ ಕುಣಿಯುತ್ತಿತ್ತು. ಅವರು ಮಲಗಿದ್ದದ್ದು ಸರಿಯಾಗಿ ಹಿಂದಿನ ಚಕ್ರಗಳ ಮೇಲೆ. ಪ್ರತಿ ಕುಣಿತಕ್ಕೂ ಹಲ್ಲುಕಚ್ಚುವ ಸದ್ದು ನನಗೆ ಕೇಳಿಸುತ್ತಿತ್ತು. ಮೂವತ್ತು ಕಿಲೋಮೀಟರಿನೊಳಗಿನ ದಾರಿಗೆ ಒಂದೂವರೆ ಗಂಟೆ ಹಿಡಿಯುತ್ತಿತ್ತು. ನಮ್ಮ ಹಿಂದೆ ಬಂದ ಎತ್ತಿನ ಗಾಡಿಯವರೂ ಒಮ್ಮೊಮ್ಮೆ ಅಸಮಾಧಾನದಿಂದ ನೋಡುತ್ತಿದ್ದರು.

ಎರಡನೇ ವಾರವೋ ಮೂರನೇ ವಾರವೋ, ಬಿಳಿಗೆರೆ ದಾಟಿದ ಮೇಲೆ ಹೊಸದಾಗಿ ಹಾಕಿದ್ದ ಒಂದು ಹಂಪ್ ನನಗೆ ಕಾಣಲಿಲ್ಲ. ಬಿಳಿ ಬಣ್ಣ ಬಳಿದಿರಲಿಲ್ಲ, ಮೇಲೆ ಮರದ ನೆರಳು ಬೇರೆ ಬಿದ್ದಿತ್ತು. ಕಾರಿನ ಹಿಂಭಾಗ ಮೇಲಕ್ಕೆ ಎದ್ದು ಧಡ್ ಎಂದು ಬಡಿಯಿತು, ಕಬ್ಬಿಣಕ್ಕೆ ಕಬ್ಬಿಣ ತಾಗಿದ ಸದ್ದು. ಅವರು ಕೂಗಿದರು. ಪಕ್ಕಕ್ಕೆ ನಿಲ್ಲಿಸಿ ಹಿಂಬಾಗಿಲು ಎತ್ತಿ ನೋಡಿದರೆ, ಮುಖದ ಮೇಲೆ ತೋಳು ಮುಚ್ಚಿಕೊಂಡು ಅಳುತ್ತಿದ್ದರು. ಮದುವೆಯಾಗಿ ಹದಿನೈದು ವರ್ಷದಲ್ಲಿ ಅವರು ಅತ್ತದ್ದನ್ನು ನಾನು ನೋಡಿರಲಿಲ್ಲ. ಏನು ಮಾಡಬೇಕೋ ತಿಳಿಯದೆ ಅವರ ಪಾದ ಹಿಡಿದುಕೊಂಡು ನಿಂತೆ.

ಸ್ವಲ್ಪ ಹೊತ್ತಿನ ಮೇಲೆ ಅವರು ತೋಳು ತೆಗೆಯದೆಯೇ, "ಈ ಕಾರು ಮಾರಿಬಿಡು ಕಣೇ," ಎಂದರು.

ಅವತ್ತು ನರಸೀಪುರದ ಆ ಹೆಂಗಸು ಅವರ ಬೆನ್ನನ್ನು ಮುಟ್ಟಿ ನೋಡಿ, ನಾನು ಒಂದು ಗಂಟೆಯಲ್ಲಿ ಸಡಿಲ ಮಾಡಿದ್ದನ್ನು ನಿಮ್ಮ ಗಾಡಿ ಮನೆ ಮುಟ್ಟುವುದರೊಳಗೆ ಬಿಗಿ ಮಾಡುತ್ತಿದೆ, ಮೊದಲು ಅದಕ್ಕೆ ಚಿಕಿತ್ಸೆ ಮಾಡಿಸಿ ಎಂದರು. ತಮಾಷೆಗೆ ಹೇಳಿದ್ದಲ್ಲ.

ಮೈಸೂರಿನ ಶೋರೂಮಿಗೆ ಫೋನ್ ಮಾಡಿದೆ. ಹಿಂದಿನ ಶಾಕ್ ಅಬ್ಸಾರ್ಬರ್ ಎರಡೂ ಹೋಗಿರಬೇಕು, ಆದರೆ ಆ ಮಾಡೆಲ್ ನಿಂತುಹೋಗಿದೆ, ಹೊರಗಿನಿಂದ ತರಿಸಬೇಕು, ಯಾವಾಗ ಬರುತ್ತದೆಂದು ಹೇಳಲಾಗದು ಎಂದರು. ಅವರು ಹೇಳಿದ ಬೆಲೆ ನನ್ನ ಎರಡು ತಿಂಗಳ ಸಂಬಳ. ಮನೆಗೆ ಆಗ ಬರುತ್ತಿದ್ದದ್ದು ನನ್ನ ಸಂಬಳ ಒಂದೇ.

ನಂಜನಗೂಡಿನ ಒಂದು ವರ್ಕ್‌ಶಾಪಿನವರು ಹೊಸದು ಯಾಕೆ, ಇದಕ್ಕೇ ಎಣ್ಣೆ ತುಂಬಿ ರಿಪೇರಿ ಮಾಡಿಕೊಡುತ್ತೇವೆ ಎಂದರು. ಎರಡು ದಿನ ಇಟ್ಟುಕೊಂಡು ಕೊಟ್ಟರು. ಮೊದಲ ವಾರ ಕಾರು ಚೆನ್ನಾಗಿಯೇ ಇತ್ತು. ಮೂರನೇ ವಾರಕ್ಕೆ ಕುಣಿತ ಮತ್ತೆ ಶುರುವಾಯಿತು, ಜೊತೆಗೆ ಹಿಂದಿನಿಂದ ಟಕಟಕ ಎಂಬ ಹೊಸ ಸದ್ದು. ಕಾರು ನಿಂತ ಜಾಗದಲ್ಲಿ ನೆಲದ ಮೇಲೆ ಎಣ್ಣೆಯ ಕಲೆ ಬೀಳತೊಡಗಿತು.

ಆಗ ನಮ್ಮಿಬ್ಬರಿಗೂ ಮಾತಿಗೆ ಮಾತು ಬೆಳೆಯಿತು. ಅವತ್ತೇ ಮಾರಿದ್ದರೆ ಇದೊಂದು ಖರ್ಚು ತಪ್ಪುತ್ತಿತ್ತು, ಬಾಡಿಗೆ ಕಾರಿನಲ್ಲಿ ಹೋಗಬಹುದಿತ್ತು ಎಂದು ಅವರು. ಬಾಡಿಗೆ ಕಾರಿನಲ್ಲಿ ಮಲಗಲು ಆಗುತ್ತದೆಯೇ ಎಂದು ನಾನು. ನಾನು ಹೇಳಿದ್ದು ಸುಳ್ಳಲ್ಲ. ಆದರೆ ಅದು ಪೂರ್ತಿ ನಿಜವೂ ಅಲ್ಲ. ಅವರಿಗೆ ಹೇಳದ ಒಂದು ವಿಷಯ ನನ್ನ ಹತ್ತಿರ ಇತ್ತು.

ನರಸೀಪುರದಲ್ಲಿ ಅವರನ್ನು ಒಳಗೆ ಬಿಟ್ಟರೆ ಚಿಕಿತ್ಸೆಗೆ ಒಂದು ಗಂಟೆಯ ಮೇಲಾಗುತ್ತಿತ್ತು. ಮೊದಮೊದಲು ನಾನು ಹೊರಗಿನ ಬೆಂಚಿನ ಮೇಲೆ ಉತ್ತರ ಪತ್ರಿಕೆ ತಿದ್ದುತ್ತಾ ಕೂರುತ್ತಿದ್ದೆ. ಒಂದು ಶನಿವಾರ ಪೆಟ್ರೋಲ್ ಹಾಕಿಸಲು ಒಬ್ಬಳೇ ಹೊರಟವಳು, ಬಂಕ್ ದಾಟಿ ಹಾಗೇ ಮುಂದೆ ಹೋದೆ. ರಸ್ತೆ ನೇರವಾಗಿತ್ತು, ಎರಡೂ ಕಡೆ ಗದ್ದೆ, ಮುಂದೆ ಯಾರೂ ಇರಲಿಲ್ಲ. ಹಿಂದೆ ನೋವಿನ ಮನುಷ್ಯನೂ ಇರಲಿಲ್ಲ. ಮೂರನೇ ಗೇರಿನಲ್ಲಿ ಕಾಲು ಒತ್ತಿದೆ. ಆ ಕಾರು ಏನು ಎಂಬುದು ನನಗೆ ಆ ಕ್ಷಣಕ್ಕೆ ಗೊತ್ತಾಯಿತು. ಹಿಂಭಾಗ ಸ್ವಲ್ಪ ಓಲಾಡಿದ್ದರಿಂದ ಹೆದರಿ ಕಾಲು ತೆಗೆದೆ. ಆಮೇಲಿನ ಶನಿವಾರಗಳಲ್ಲೂ ಹಾಗೆ ಹೋಗಿಬಂದೆ. ಅವರು ಒಳಗೆ ಸೊಂಟಕ್ಕೆ ಪಟ್ಟಿ ಕಟ್ಟಿಸಿಕೊಂಡು ಮಲಗಿರುವಾಗ ನಾನು ಹೀಗೆ ಸುತ್ತುತ್ತಿದ್ದೇನೆ ಎಂಬ ಅಳುಕು ಇತ್ತು. ಆದರೂ ಹೋಗುತ್ತಿದ್ದೆ.

ನಂಜನಗೂಡಿನ ಬಜಾರಿನಲ್ಲಿ ಬಿಡಿಭಾಗಗಳ ಹಳೆಯ ಅಂಗಡಿ ಒಂದಿತ್ತು. ಯಜಮಾನರು ವಯಸ್ಸಾದವರು, ಹಣೆಯ ತುಂಬ ವಿಭೂತಿ, ನಮ್ಮ ಮಾವನವರ ಕಾಲದಿಂದ ಪರಿಚಯ. ಅವರ ಹತ್ತಿರ ನಮ್ಮ ಕಾರಿನದು ಇರಲಿಲ್ಲ. ಆದರೆ ಒಬ್ಬರ ಗುರುತು ಹೇಳಿದರು. ಬಸ್ ಡಿಪೋದಲ್ಲಿ ಮೂವತ್ತು ವರ್ಷ ಮೆಕ್ಯಾನಿಕ್ ಆಗಿದ್ದು ರಿಟೈರಾಗಿ, ಈಗ ಹೆಡತಲೆಯಲ್ಲಿ ಸ್ವಲ್ಪ ಜಮೀನು ನೋಡಿಕೊಂಡಿದ್ದಾರೆ, ಕಾರಿನ ಕೆಲಸ ಅಷ್ಟಾಗಿ ಒಪ್ಪುವುದಿಲ್ಲ, ಹೋಗಿ ಕೇಳಿ ನೋಡಮ್ಮ ಎಂದರು.

ಭಾನುವಾರ ಬೆಳಗ್ಗೆ ಹೆಡತಲೆಗೆ ಹೋದೆವು. ಇವರು ಎಂದಿನಂತೆ ಹಿಂದೆ ಮಲಗಿದ್ದರು. ಮೆಕ್ಯಾನಿಕ್ ಮನೆಯ ಹಿಂದಿನ ಹೊಲದಿಂದ ಕೈತೊಳೆದುಕೊಂಡು ಬಂದರು. ಎತ್ತರದ, ತೆಳ್ಳಗಿನ ಮನುಷ್ಯ, ಅಂಗೈ ಮಾತ್ರ ಮೊರದಷ್ಟು ಅಗಲ. ನಾನು ಕತೆಯನ್ನೆಲ್ಲ ಹೇಳಿದೆ. ಅವರು ಕಾರಿನ ಹಿಂದೆ ಹೋಗಿ, ಇವರನ್ನು ಮೊದಲು ಇಳಿಸಿ ಎಂದು ಸನ್ನೆ ಮಾಡಿದರು. ಜಗಲಿಯ ಮೇಲೆ ಚಾಪೆ ಹಾಸಿ ಮಲಗಿಸಿದ ಮೇಲೆ, ಕಾರಿನ ಹಿಂಭಾಗದ ಮೂಲೆಯನ್ನು ಎರಡೂ ಅಂಗೈಯಿಂದ ಬಲವಾಗಿ ಒತ್ತಿ ಬಿಟ್ಟರು. ಕಾರು ಮೇಲೆ ಕೆಳಗೆ ಆಡತೊಡಗಿತು. ಅವರು ಬೆರಳು ಮಡಿಸಿ ಎಣಿಸಿದರು.

"ನೋಡಿ ಟೀಚರಮ್ಮ, ಒಂದ್ಸಲ ಎದ್ದು ಸುಮ್ಕೆ ನಿಂತ್ಕಬೇಕು. ಇದು ನಾಕ್ಸಲ ಕುಣೀತು," ಎಂದರು. "ಭಾರ ಒರೋದು ಸ್ಪ್ರಿಂಗು. ಆ ಸ್ಪ್ರಿಂಗು ಕುಣೀದಂಗೆ ಇಡ್ಕಳೋದು ಶಾಕಬ್ಸರ್. ಇಡ್ಕಳೋದೇ ಓಗ್ಬುಟ್ಟದೆ."

ಗೋಣಿಚೀಲ ಹಾಸಿಕೊಂಡು ಕಾರಿನ ಕೆಳಗೆ ನುಸುಳಿ ನೋಡಿದರು. ಎರಡೂ ಶಾಕ್ ಅಬ್ಸಾರ್ಬರ್ ಎಣ್ಣೆಯಲ್ಲಿ ನೆಂದುಹೋಗಿದ್ದವು. ಅದಕ್ಕಿಂತ ಹೆಚ್ಚಾಗಿ ಅವರಿಗೆ ಸಿಟ್ಟು ಬಂದದ್ದು ಇನ್ನೊಂದು ವಿಷಯಕ್ಕೆ. ಶಾಕ್ ಅಬ್ಸಾರ್ಬರಿನ ಕೆಳತುದಿಯಲ್ಲಿ ಒಂದು ಬಳೆ, ಅದರೊಳಗೆ ರಬ್ಬರಿನ ಬುಷ್, ಬುಷ್ಷಿನೊಳಗಿಂದ ಬೋಲ್ಟು ಹಾದುಹೋಗುತ್ತದೆ. ಆ ರಬ್ಬರ್ ತಿರುಚಿ ಹರಿದಿತ್ತು. ಕಾರನ್ನು ಜಾಕ್ ಮೇಲೆ ಎತ್ತಿ, ಚಕ್ರ ನೇತಾಡುತ್ತಿರುವಾಗಲೇ ಬೋಲ್ಟನ್ನು ಪೂರ್ತಿ ಬಿಗಿದಿದ್ದಾರೆ, ಕಾರು ಕೆಳಗಿಳಿದು ತನ್ನ ಭಾರಕ್ಕೆ ಕೂತಾಗ ರಬ್ಬರ್ ತಿರುಚಿಕೊಂಡಿದೆ, ಟಕಟಕ ಸದ್ದು ಅದರದ್ದೇ ಎಂದು ವಿವರಿಸಿದರು. ಮೊದಲು ಕಾರು ನೆಲಕ್ಕೆ ಕೂರಬೇಕು, ಆಮೇಲೆ ಬಿಗಿಯಬೇಕು.

ಹೊಸದೇ ಹಾಕಬೇಕು, ಎರಡೂ ಕಡೆಗೂ ಒಟ್ಟಿಗೇ ಹಾಕಬೇಕು ಎಂದರು. ಶೋರೂಮಿನ ಬೆಲೆ ಹೇಳಿದೆ. ಅವರು ತಲೆಯಾಡಿಸಿದರು.

"ಡಿಪೋದಲ್ಲಿ ನಮ್ಗೆ ಯಾವತ್ತು ಅದೇ ಕಂಪ್ನೀದು ಸಿಕ್ತಿತ್ತು? ಅಳತೆ ಒಂದ್ಕಂಡ್ರೆ ಸಾಕು. ಬೇರೆ ಗಾಡೀದು ಆಕ್ತಿದ್ದೋ. ಅಳತೆ ಮಾತ್ರ ಕೂದಲೆಳೆ ಎಚ್ಚುಕಮ್ಮಿ ಆಗ್ಬಾರ್ದು."

ಅಷ್ಟು ಹೊತ್ತು ಜಗಲಿಯ ಮೇಲೆ ಚಾವಣಿ ನೋಡುತ್ತಾ ಮಲಗಿದ್ದ ನನ್ನ ಗಂಡ, "ವರ್ನಿಯರ್ ಕಾರಿನಲ್ಲೇ ಇದೆ," ಎಂದರು.

ವರ್ನಿಯರ್ ಎಂದರೆ ಅವರ ಅಳತೆಯ ಉಪಕರಣ, ಉಕ್ಕಿನದು. ಅದನ್ನು ಅವರು ಕಾರ್ಖಾನೆಯಿಂದ ಹೊರಗೆ ಹೋದಾಗಲೂ ಜೊತೆಗಿಟ್ಟುಕೊಳ್ಳುತ್ತಿದ್ದರು. ಎರಡೂವರೆ ತಿಂಗಳಿನಿಂದ ಕಾರಿನ ಮುಂದಿನ ಡ್ರಾಯರಿನಲ್ಲಿ ಬಿದ್ದಿತ್ತು. ಮೆಕ್ಯಾನಿಕ್ ಒಂದು ಕಡೆಯ ಶಾಕ್ ಅಬ್ಸಾರ್ಬರನ್ನು ಬಿಚ್ಚಿ ತಂದು ಚಾಪೆಯ ಪಕ್ಕ ಇಟ್ಟರು. ಇವರು ಒಂದು ಮಗ್ಗುಲಿಗೆ ಹೊರಳಿ, ಒಂದು ಮೊಣಕೈ ಊರಿಕೊಂಡು ಅಳೆಯತೊಡಗಿದರು. ಟೇಪು ಹಿಡಿದು ಪೂರ್ತಿ ಎಳೆದಾಗ ಎಷ್ಟು ಉದ್ದ, ಪೂರ್ತಿ ಒತ್ತಿದಾಗ ಎಷ್ಟು, ವರ್ನಿಯರಿನಲ್ಲಿ ಮೇಲಿನ ಸರಳಿನ ದಪ್ಪ, ಕೆಳಗಿನ ಬಳೆಯ ಅಗಲ, ಬೋಲ್ಟಿನ ದಪ್ಪ. ಅವರು ಹೇಳಿದ್ದನ್ನು ನಾನು ನನ್ನ ಪಾಠದ ಡೈರಿಯ ಕೊನೆಯ ಪುಟದಲ್ಲಿ ಬರೆದುಕೊಂಡೆ. ಮೆಕ್ಯಾನಿಕ್ ಕುಕ್ಕರುಗಾಲಲ್ಲಿ ಕೂತು, ಸಾ, ಇನ್ನೊಂದ್ಸಲ ನೋಡಿ ಎನ್ನುತ್ತಿದ್ದರು, ಇವರು ಇನ್ನೊಂದು ಸಲ ನೋಡುತ್ತಿದ್ದರು. ಬೆನ್ನು ಕೈಕೊಟ್ಟ ಮೇಲೆ ಅವರು ಅಷ್ಟು ಹೊತ್ತು ನೋವಿನ ಮಾತಾಡದೆ ಇದ್ದದ್ದು ಅವತ್ತೇ.

ಅಷ್ಟರಲ್ಲಿ ಮೆಕ್ಯಾನಿಕ್ ಅವರ ಹೆಂಡತಿ ಬಾಗಿಲಿಗೆ ಬಂದು, ಕಾಫಿ ಮಾಡಲೇ ಎಂದು ಗಂಡನನ್ನು ಕೇಳಿದರು. ಮೆಕ್ಯಾನಿಕ್ ನಮ್ಮ ಕಡೆ ತಿರುಗಿ, "ನಮ್ಮನೇಲಿ ಕುಡೀತೀರಾ?" ಎಂದರು. ಒಳಗೆ ಗೋಡೆಯ ಮೇಲೆ ಬುದ್ಧನ ಪಟ ನನಗೆ ಮೊದಲೇ ಕಂಡಿತ್ತು. ಆ ಪ್ರಶ್ನೆ ಯಾಕೆ ಬಂತೆಂಬುದೂ ಗೊತ್ತಿತ್ತು. ಇಪ್ಪತ್ತು ವರ್ಷ ಎಲ್ಲ ಮಕ್ಕಳನ್ನೂ ಒಂದೇ ಬೆಂಚಿನಲ್ಲಿ ಕೂರಿಸಿ ಪಾಠ ಮಾಡಿದವಳು ನಾನು. ಆದರೂ ಬಾಯಿಂದ ಉತ್ತರ ಬರುವುದಕ್ಕೆ ಒಂದು ಕ್ಷಣ ತಡವಾಯಿತು. ಆ ತಡವನ್ನು ಅವರು ಗಮನಿಸಿದರು. ನನ್ನ ಗಂಡ ವರ್ನಿಯರ್‌ನಿಂದ ಕಣ್ಣು ತೆಗೆಯದೆ, ಸಕ್ಕರೆ ಸ್ವಲ್ಪ ಕಮ್ಮಿ ಹಾಕಲಿ ಎಂದರು. ಕಾಫಿ ಬಂತು, ಕುಡಿದೆವು. ಆಮೇಲೆ ಎಷ್ಟೋ ಸಲ ಆ ಮನೆಯಲ್ಲಿ ಊಟವನ್ನೇ ಮಾಡಿದ್ದೇನೆ, ಆದರೆ ಆ ಒಂದು ಕ್ಷಣಕ್ಕೆ ನನಗೆ ಇವತ್ತಿಗೂ ನಾಚಿಕೆಯಿದೆ.

ಮಾರನೇ ದಿನ ಶಾಲೆ ಮುಗಿಸಿ, ಡೈರಿ, ಟೇಪು, ವರ್ನಿಯರ್ ಹಿಡಿದು ಬಿಡಿಭಾಗಗಳ ಅಂಗಡಿಗೆ ಹೋದೆ. ವರ್ನಿಯರ್ ಓದುವುದು ಹೇಗೆಂದು ಬೆಳಗ್ಗೆ ಇವರು ಮಲಗಿದ್ದಲ್ಲೇ ಒಂದು ಲೋಟ ಅಳೆಸಿ ಕಲಿಸಿದ್ದರು. ಯಜಮಾನರು ಬೇರೆ ಬೇರೆ ಕಾರುಗಳ ಶಾಕ್ ಅಬ್ಸಾರ್ಬರುಗಳನ್ನು ಡಬ್ಬಿಯಿಂದ ತೆಗೆದು ಕೌಂಟರಿನ ಮೇಲೆ ಸಾಲಾಗಿ ಮಲಗಿಸಿದರು. ನಾನು ಒಂದೊಂದನ್ನೇ ಅಳೆದೆ. ಕೊಳ್ಳಲು ಬಂದಿದ್ದ ಲಾರಿಯವರು ಇಬ್ಬರು, ತಮ್ಮ ಸರದಿ ಬಂದರೂ ಹೋಗದೆ ನೋಡುತ್ತಾ ನಿಂತರು. ಒಂದು ಉದ್ದ ಕಮ್ಮಿ. ಒಂದರ ಬಳೆ ಅಗಲ. ಒಂದಕ್ಕೆ ಮೇಲೆ ಸರಳೇ ಬೇರೆ ತರಹ. ಕೊನೆಗೆ ಊರಿನ ಟ್ಯಾಕ್ಸಿಯವರೆಲ್ಲ ಇಟ್ಟುಕೊಂಡಿದ್ದ ಒಂದು ಸಾಧಾರಣ ಕಾರಿನದು ಹತ್ತಿರ ಬಂತು. ಉದ್ದದಲ್ಲಿ ನಾಲ್ಕು ಮಿಲಿಮೀಟರ್ ವ್ಯತ್ಯಾಸ. ಬಳೆಯ ತೂತು ಮಾತ್ರ ದೊಡ್ಡದು, ಅದರದ್ದು ಹನ್ನೆರಡು, ನಮ್ಮ ಬೋಲ್ಟು ಹತ್ತು.

ಅಂಗಡಿಯ ಫೋನಿನಿಂದಲೇ ಮನೆಗೆ ಮಾತಾಡಿದೆ. ಉದ್ದದ ವ್ಯತ್ಯಾಸ ತೊಂದರೆಯಿಲ್ಲ, ತೂತಿಗೆ ಒಂದು ಉಕ್ಕಿನ ಕೊಳವೆ ಹಾಕಿದರೆ ಆಯಿತು ಎಂದು ಇವರು. ಹೆಡತಲೆಯ ಎಸ್‌ಟಿಡಿ ಬೂತಿನ ಮೂಲಕ ಮೆಕ್ಯಾನಿಕ್ ಸಿಕ್ಕಿದಾಗ ಅವರು ಇನ್ನೊಂದು ಮಾತು ಸೇರಿಸಿದರು. ಆ ಕಾರಿನಲ್ಲೇ ಪೆಟ್ರೋಲಿಂದು, ಡೀಸೆಲಿಂದು ಎಂದು ಎರಡಿದೆ, ಡೀಸೆಲ್ ಟ್ಯಾಕ್ಸಿಗೆ ಹಾಕುವ ಗಟ್ಟಿಯದನ್ನೇ ತನ್ನಿ, ನಿಮ್ಮ ಕಾರು ಜೋರಾಗಿ ಓಡುವಂಥದ್ದು, ಮೆತ್ತಗಿನದು ಅದನ್ನು ತಡೆಯಲಾರದು. ಜೋಡಿಯ ಬೆಲೆ ಶೋರೂಮಿನವರು ಹೇಳಿದ್ದರ ಐದನೇ ಒಂದು ಪಾಲಿಗಿಂತ ಕಮ್ಮಿಯಿತ್ತು.

ಕೊಳವೆಯ ಚಿತ್ರವನ್ನು ಇವರೇ ಬರೆದುಕೊಟ್ಟರು. ಕೈಗಾರಿಕಾ ಪ್ರದೇಶದ ರಸ್ತೆಬದಿಯಲ್ಲಿದ್ದ ಒಂದು ಲೇತ್ ಅಂಗಡಿಗೆ ಕೊಟ್ಟು ಬಂದೆ. ಎರಡು ದಿನಕ್ಕೆ ಸಿಕ್ಕಿತು. ಇವರು ಅದನ್ನು ಅದೇ ಅಳತೆಯ ಒಂದು ಬೋಲ್ಟಿಗೆ ಹಾಕಿ ಬೆರಳಲ್ಲಿ ಅಲ್ಲಾಡಿಸಿ ನೋಡಿ ಪಕ್ಕಕ್ಕಿಟ್ಟರು. ಇದು ಬೇಡ, ಸಡಿಲ ಇದೆ ಎಂದರು. ನನಗೆ ಅದು ಸರಿಯಾಗಿಯೇ ಕಂಡಿತ್ತು. ಇದೇ ಹಾಕಿಸೋಣ, ಶನಿವಾರ ಬಂದೇಬಿಟ್ಟಿತು ಎಂದೆ. ಅವರು ಒಪ್ಪಲಿಲ್ಲ. ನಾನೇ ಬರುತ್ತೇನೆ ಎಂದರು.

ಸೊಂಟಕ್ಕೆ ಬೆಲ್ಟ್ ಬಿಗಿದುಕೊಂಡು, ನನ್ನ ಹೆಗಲು ಹಿಡಿದು ಅವರು ಆ ಲೇತ್ ಅಂಗಡಿಯೊಳಗೆ ನಡೆದು ಹೋದರು. ಅಂಗಡಿಯವನಿಗೆ ಇವರು ಕೆಲಸದಲ್ಲಿ ಹಿರಿಯರು ಎಂದು ಗೊತ್ತಿತ್ತು, ಸ್ಟೂಲ್ ತಂದಿಟ್ಟ. ಇವರು ಕೂರಲಿಲ್ಲ. ಮೆಷಿನ್ ತಿರುಗುವಾಗ ಅದರ ಮೇಲೆ ಒಂದು ಕೈಯಿಟ್ಟು ನಿಂತುಕೊಂಡರು. ಉಕ್ಕಿನ ಸುರುಳಿಗಳು ಕೆಳಗೆ ಬೀಳುವುದನ್ನು ನೋಡುತ್ತಾ, ಸಾಕು, ಇನ್ನೊಂದು ಚೂರು, ಈಗ ಸಾಕು ಎಂದು ಮೆಲ್ಲಗೆ ಹೇಳುತ್ತಿದ್ದರು. ಹತ್ತು ನಿಮಿಷವಾದರೂ ನಿಂತಿದ್ದರು. ಅದಕ್ಕಿಂತ ಹಿಂದಿನ ಎರಡೂವರೆ ತಿಂಗಳಲ್ಲಿ ಅವರು ಐದು ನಿಮಿಷ ನಿಂತದ್ದಿಲ್ಲ. ಮನೆಗೆ ಬಂದು ಮಲಗಿದವರು ಮಾರನೇ ದಿನ ಏಳಲಿಲ್ಲ. ಆದರೆ ಹೊಸ ಕೊಳವೆಗಳು ಬೋಲ್ಟಿನ ಮೇಲೆ ಗಾಳಿಯೂ ಹೋಗದಂತೆ ಕೂರುತ್ತಿದ್ದವು.

ಮುಂದಿನ ಭಾನುವಾರ ಹೆಡತಲೆಯಲ್ಲಿ ಕೆಲಸ ನಡೆಯಿತು. ಮೆಕ್ಯಾನಿಕ್ ಮೊದಲೇ ಕಾರಿನ ಹಿಂಭಾಗವನ್ನು ಎತ್ತಿ, ಮರದ ದಿಮ್ಮಿಗಳ ಮೇಲೆ ಕೂರಿಸಿ, ಚಕ್ರ ಬಿಚ್ಚಿದರು. ಹಿಂದಿನ ಅಚ್ಚಿನ ಕೆಳಗೆ ಇನ್ನೊಂದು ಜಾಕ್ ಕೊಟ್ಟರು. ಒಂದು ಕಡೆಯದನ್ನು ಹೋದ ವಾರವೇ ಬಿಚ್ಚಿ ಮತ್ತೆ ಜೋಡಿಸಿದ್ದರಿಂದ ಅದು ಬೇಗ ಬಂತು. ಇನ್ನೊಂದು ಕಡೆಯ ಕೆಳಗಿನ ಬೋಲ್ಟು ತುಕ್ಕು ಹಿಡಿದು ಜಗ್ಗಲಿಲ್ಲ. ಅದಕ್ಕೆ ಎಣ್ಣೆ ಬಿಟ್ಟು ಸುತ್ತಿಗೆಯಿಂದ ಸಣ್ಣಗೆ ತಟ್ಟುತ್ತಾ, ಮತ್ತೆ ಎಣ್ಣೆ ಬಿಟ್ಟು ಕಾಯುತ್ತಾ ಮುಕ್ಕಾಲು ಗಂಟೆ ಕೂತರು. ಜೋರಾಗಿ ಹೊಡೆದರೆ ಬೇಗ ಬರುವುದಿಲ್ಲವೇ ಎಂದು ಕೇಳಿದೆ. ಬೋಲ್ಟು ಮುರಿದರೆ ಆಮೇಲೆ ಇಡೀ ದಿನ ಅದರ ಹಿಂದೆಯೇ ಹೋಗುತ್ತದೆ ಎಂದರು.

ಮೇಲಿನ ನಟ್ಟು ಇದ್ದದ್ದು ಕಾರಿನ ಒಳಗೆ, ಪಕ್ಕದ ಹೊದಿಕೆಯ ಹಿಂದಿನ ಇಕ್ಕಟ್ಟಿನಲ್ಲಿ. ಹೋದ ವಾರ ಅದನ್ನು ಬಿಚ್ಚುವಾಗಲೇ ಅವರ ಮುಂಗೈ ತರಚಿ ರಕ್ತ ಬಂದಿತ್ತು. ಈಗ ಹೊಸದನ್ನು ಕೆಳಗಿನಿಂದ ಏರಿಸಿ, ತಲೆಯ ಸರಳನ್ನು ತೂತಿನಲ್ಲಿ ತೂರಿಸಿ, ಮೇಲಿನಿಂದ ರಬ್ಬರು, ವಾಷರಿನ ಬಿಲ್ಲೆ, ನಟ್ಟು ಹಾಕಬೇಕಿತ್ತು. ಕೈ ಒಳಗೆ ಹೋಗಲಿಲ್ಲ.

"ಇದು ಬಸ್ಸಿನ ಕೈ," ಎಂದು ಅವರು ನನ್ನ ಕೈ ನೋಡಿದರು. "ನೀವೇ ಆಕ್ಬೇಕು ಟೀಚರಮ್ಮ."

ನಾನು ಸೀರೆಯ ಸೆರಗು ಸಿಕ್ಕಿಸಿಕೊಂಡು ಕಾರಿನೊಳಗೆ ಹತ್ತಿ ಮಂಡಿಯೂರಿದೆ. ಮೊದಲ ಸಲವೇ ನಟ್ಟು ಬೆರಳಿಂದ ಜಾರಿ ಹೊದಿಕೆಯ ಒಳಗೆ ಎಲ್ಲೋ ಬಿತ್ತು. ಬಿದ್ದ ಸದ್ದು ಎಲ್ಲರಿಗೂ ಕೇಳಿತು. ಹಳೆಯ ಸ್ಪೀಕರಿನ ಆಯಸ್ಕಾಂತವನ್ನು ದಾರಕ್ಕೆ ಕಟ್ಟಿ ಇಳಿಬಿಟ್ಟು ಅದನ್ನು ಹಿಡಿಯಲು ಅರ್ಧ ಗಂಟೆಯಾಯಿತು. ಎರಡನೇ ಸಲ ನಟ್ಟು ಕೂತಿತು. ಸರಳು ತಿರುಗದಂತೆ ಒಂದು ಚಿಕ್ಕ ಸ್ಪ್ಯಾನರಿನಲ್ಲಿ ಹಿಡಿದು, ಇನ್ನೊಂದರಲ್ಲಿ ನಟ್ಟು ತಿರುಗಿಸಬೇಕು. ಜಗಲಿಯ ಮೇಲಿಂದ ನನ್ನ ಗಂಡ, ರಬ್ಬರು ಉಬ್ಬಿ ಬಿಲ್ಲೆಯಷ್ಟೇ ಅಗಲ ಆದಾಗ ನಿಲ್ಲಿಸು ಎಂದು ಹೇಳುತ್ತಿದ್ದರು. ಬೆವರು ಕಣ್ಣಿಗಿಳಿದು ಏನೂ ಕಾಣುತ್ತಿರಲಿಲ್ಲ, ಬೆರಳಲ್ಲಿ ಮುಟ್ಟಿಯೇ ನೋಡಿದೆ. ಇನ್ನೊಂದು ಕಡೆಯದನ್ನೂ ಹಾಗೆಯೇ ಹಾಕಿದೆ.

ಕೆಳಗಿನ ಬೋಲ್ಟುಗಳನ್ನು ಮೆಕ್ಯಾನಿಕ್ ಹಾಕಿದರು, ಆದರೆ ಬೆರಳಲ್ಲಿ ತಿರುಗಿಸುವಷ್ಟು ಮಾತ್ರ. ಚಕ್ರ ಹಾಕಿ, ಕಾರನ್ನು ನೆಲಕ್ಕಿಳಿಸಿ, ಒಳಗೆ ಒಬ್ಬ ಮನುಷ್ಯನ ತೂಕಕ್ಕೆ ಸರಿಯಾಗಿ ಒಂದು ಮೂಟೆ ರಾಗಿ ಇಟ್ಟರು. ಮನೆಯ ಪಕ್ಕದ ಸಣ್ಣ ಕಾಲುವೆಯ ಎರಡೂ ದಡದ ಮೇಲೆ ಚಕ್ರ ಬರುವಂತೆ ನನಗೆ ಹೇಳಿ ಕಾರು ನಿಲ್ಲಿಸಿಕೊಂಡು, ನೀರಿಲ್ಲದ ಆ ಕಾಲುವೆಯಲ್ಲಿ ಮಲಗಿ, ಆಗ ಬಿಗಿದರು. ಮೇಲೆದ್ದು ಮಣ್ಣು ಕೊಡವಿಕೊಂಡು ಕಾರಿನ ಮೂಲೆ ಒತ್ತಿ ಬಿಟ್ಟರು. ಒಂದು ಸಲ ಎದ್ದಿತು, ನಿಂತಿತು.

ರಾಗಿ ಮೂಟೆ ಇಳಿಸಿ ನನ್ನ ಗಂಡನನ್ನು ಮಲಗಿಸಿಕೊಂಡು ಹೆಮ್ಮರಗಾಲದ ಕಡೆ ಹೊರಟೆವು. ಮೆಕ್ಯಾನಿಕ್ ನನ್ನ ಪಕ್ಕ ಕೂತರು. ಮೊದಲ ಹಂಪ್ ಬಂದಾಗ ಅಭ್ಯಾಸಬಲದಿಂದ ನಾನು ತೀರಾ ನಿಧಾನ ಮಾಡಿದೆ. ಅಷ್ಟು ಬೇಡ, ಎಲ್ಲರ ಹಾಗೆ ಹತ್ತಿಸಿ ಎಂದು ಮೆಕ್ಯಾನಿಕ್ ಹೇಳಿದರು. ಹಿಂದಿನ ಚಕ್ರ ಹತ್ತಿ ಇಳಿಯಿತು. ನಾನು, ನೋವಾಯಿತೇ ಎಂದು ಕೇಳಿದೆ.

"ನೋವಾಯ್ತು," ಎಂದರು ಹಿಂದಿನಿಂದ. "ಆದ್ರೆ ಒಂದೇ ಸಲ."

ಆ ಮಾತಿಗೆ ನನಗೆ ಕಣ್ಣು ತುಂಬಿಬಂತು. ಮುಂದೆ ರಸ್ತೆ ನೇರವಾಗಿ, ನುಣ್ಣಗೆ ಸಿಕ್ಕಿತು. ಮೆಕ್ಯಾನಿಕ್, "ಒಸಿ ಜೋರಾಗಿ ಬುಡಿ ನೋಡಾನ, ಬಾಲ ಆಡ್ತದಾ ಏನು ಅಂತ," ಎಂದರು. ನಾನು ಮೂರನೇ ಗೇರಿಗೆ ಹಾಕಿ ಕಾಲು ಒತ್ತಿದೆ. ಕಾರು ಮುಂದಕ್ಕೆ ಹಾರಿತು. ಹಿಂಭಾಗ ಓಲಾಡಲಿಲ್ಲ, ನೆಲಕ್ಕೆ ಅಂಟಿಕೊಂಡಿತ್ತು. ಮೆಕ್ಯಾನಿಕ್ ಒಂದು ಕೈಯಲ್ಲಿ ಡ್ಯಾಶ್‌ಬೋರ್ಡ್ ಹಿಡಿದುಕೊಂಡಿದ್ದರು, ಮುಖದಲ್ಲಿ ನಗು. ನಾಲ್ಕನೇ ಗೇರಿಗೆ ಬದಲಾಯಿಸಿ ಆಮೇಲೆ ನಿಧಾನ ಮಾಡಿದೆ.

ಹಿಂದಿನಿಂದ ನನ್ನ ಗಂಡ, "ಇದು ಇವತ್ತು ಕಲ್ತಿದ್ದಲ್ಲ," ಎಂದರು. ಎಂಜಿನ್ನಿನ ಸದ್ದಿನಲ್ಲೇ ಅವರಿಗೆ ತಿಳಿದುಹೋಗಿತ್ತು.

ಮೆಕ್ಯಾನಿಕ್ ಪಕ್ಕದಲ್ಲಿದ್ದರೂ ನಾನು ಇದ್ದದ್ದನ್ನು ಹೇಳಿಬಿಟ್ಟೆ, ಶನಿವಾರಗಳ ವಿಷಯ. ಕೋಪ ಬರುತ್ತದೆ ಎಂದುಕೊಂಡಿದ್ದೆ. ಎಲ್ಲಿಯವರೆಗೆ ಹೋಗುತ್ತಿದ್ದೆ ಎಂದು ಕೇಳಿದರು, ಹೇಳಿದೆ. ಇಷ್ಟು ದಿನ ಹಿಂಭಾಗ ಹಾಗಿದ್ದಾಗ ಜೋರಾಗಿ ಹೋಗಿದ್ದು ತಪ್ಪು, ತಿರುವಿನಲ್ಲಿ ಎಸೆದುಬಿಡುತ್ತಿತ್ತು ಎಂದರು. ಅಷ್ಟೇ. ಮಾರುವ ಮಾತನ್ನು ಅವರು ಮತ್ತೆ ಎತ್ತಲಿಲ್ಲ.

ಟ್ಯಾಕ್ಸಿಯ ಶಾಕ್ ಅಬ್ಸಾರ್ಬರ್ ನಮ್ಮ ಕಾರಿಗೆ ಎಲ್ಲ ರೀತಿಯಲ್ಲೂ ಹೊಂದಿತು ಎಂದು ಹೇಳಲಾರೆ. ಹಿಂದೆ ಯಾರೂ ಇಲ್ಲದಾಗ ಸಣ್ಣ ಕಲ್ಲುಗಳ ಮೇಲೆ ಒರಟಾಗಿ ಕುಲುಕುತ್ತಿತ್ತು. ಆದರೆ ನರಸೀಪುರದ ದಾರಿ ಮುಕ್ಕಾಲು ಗಂಟೆಗೆ ಇಳಿಯಿತು. ಆರು ತಿಂಗಳ ಚಿಕಿತ್ಸೆ ಎಂಟು ತಿಂಗಳಾಯಿತು. ನಾಲ್ಕನೇ ತಿಂಗಳಿಂದ ಅವರು ಸೀಟು ಹಿಂದಕ್ಕೆ ಬಾಗಿಸಿ ಮುಂದೆಯೇ ಕೂತು ಬರುತ್ತಿದ್ದರು. ಕಾರ್ಖಾನೆಯಲ್ಲಿ ಅವರಿಗೆ ಲೇತ್ ತಪ್ಪಿತು. ಬೇರೆಯವರು ಮಾಡಿದ ಕೆಲಸವನ್ನು ಕೂತು ಅಳೆದು ನೋಡುವ ವಿಭಾಗಕ್ಕೆ ಹಾಕಿದರು. ಮೊದಮೊದಲು ಆ ಬಗ್ಗೆ ಬೇಸರ ಮಾಡಿಕೊಂಡರು, ಆಮೇಲೆ ಅಲ್ಲೇ ನಿವೃತ್ತಿಯಾದರು.

ಬೆನ್ನು ಸರಿಹೋದ ಮೇಲೆ ಒಂದು ಸಲ ಅವರು ಕಾರು ತೆಗೆದುಕೊಂಡು ಮೈಸೂರಿಗೆ ಹೋಗಿಬಂದರು. ಇಳಿಯುವಾಗ ಬಾಗಿಲು ಹಿಡಿದು ಸ್ವಲ್ಪ ಹೊತ್ತು ನಿಂತರು. ಕ್ಲಚ್ ಒತ್ತಿದಾಗೆಲ್ಲ ಸೊಂಟಕ್ಕೆ ಎಳೆಯುತ್ತದೆ ಎಂದು ಕೀಲಿಯನ್ನು ನನಗೆ ಕೊಟ್ಟರು. ಆಮೇಲೆ ಅವರು ಪಕ್ಕದ ಸೀಟಿನವರೇ ಆದರು. ಮುಂದಿನ ಬಸ್ಸನ್ನು ನಾನು ಹಿಂದೆ ಹಾಕಲು ತಡಮಾಡಿದರೆ ಅವರಿಗೆ ತಡೆಯುತ್ತಿ‌ರಲಿಲ್ಲ.

ಆ ಜೋಡಿ ನಾಲ್ಕು ವರ್ಷ ಬಂತು. ಎರಡನೇ ಸಲ ಬದಲಾಯಿಸುವ ಹೊತ್ತಿಗೆ ಮೆಕ್ಯಾನಿಕ್‌ಗೆ ಕಣ್ಣಿನ ಆಪರೇಷನ್ ಆಗಿ, ಡಾಕ್ಟರು ಬಗ್ಗಬಾರದು ಎಂದಿದ್ದರು. ಅವರು, ನನ್ನ ಗಂಡ ಇಬ್ಬರೂ ಜಗಲಿಯ ಮೇಲೆ ಕುರ್ಚಿ ಹಾಕಿಕೊಂಡು ಕೂತು ಹೇಳಿದರು, ಕಾರಿನ ಕೆಳಗೆ ಮಲಗಿ ನಾನೇ ಹಾಕಿದೆ. ಕಾರು ನೆಲಕ್ಕೆ ಕೂತ ಮೇಲೆಯೇ ಬೋಲ್ಟು ಬಿಗಿದೆ. ಇಬ್ಬರೂ ಒಬ್ಬರಾದ ಮೇಲೆ ಒಬ್ಬರು ಎದ್ದು ಬಂದು ಕಾರಿನ ಮೂಲೆ ಒತ್ತಿ ನೋಡಿ ಹೋಗಿ ಕೂತರು.

ಇನ್ನೂ ಎರಡು ವರ್ಷ ಇಟ್ಟುಕೊಂಡು ಅದನ್ನು ಮಾರಿದೆವು. ಕೊಳ್ಳಲು ಬಂದವರು ಚಾಮರಾಜನಗರದ ಕಡೆಯವರು, ಇಂಥದ್ದೇ ಕಾರು ಬೇಕೆಂದು ಹುಡುಕಿಕೊಂಡು ಬಂದಿದ್ದರು. ಎಂಜಿನ್ ಹೇಗಿದೆ, ಹಿಂದೆ ಯಾವ ಶಾಕ್ ಅಬ್ಸಾರ್ಬರ್ ಹಾಕಿದ್ದೀರಿ, ಜೋರಾಗಿ ಹೋದರೆ ಹಿಡಿತ ಸಿಗುತ್ತದೆಯೇ ಎಂದು ನನ್ನ ಗಂಡನನ್ನು ಕೇಳತೊಡಗಿದರು. ಅವರು ಪೇಪರ್ ಓದುತ್ತಿದ್ದವರು ತಲೆಯೆತ್ತಿ, ಕಾರು ಅವಳದು, ಅವಳನ್ನೇ ಕೇಳಿ ಎಂದರು. ನಾನು ಡೈರಿ ತರಲು ಒಳಗೆ ಹೋದೆ, ಹೊಸಬರಿಗೆ ಆ ಅಳತೆಗಳನ್ನೆಲ್ಲ ಬರೆದುಕೊಡಬೇಕಿತ್ತು.